ಉತ್ತರ ಸರಿ, ದಾರಿ ತಪ್ಪು

ಪತ್ರಿಕೆ ಓದುವಾಗ ಪೆನ್ಸಿಲ್ ಹಿಡಿದು, ಅಚ್ಚಾದ ಶೇಕಡಾವಾರುಗಳನ್ನೆಲ್ಲ ಕೂಡಿ, ನೂರಾಗದಿದ್ದಲ್ಲಿ ಗೀಟು ಹಾಕುವುದು ನನ್ನ ನಿವೃತ್ತಜೀವನದ ಏಕೈಕ ವ್ಯಸನ. "ತಪ್ಪು ಹುಡುಕೋದು ಬಿಟ್ಟು ನಿಮಗೆ ಬೇರೇನೂ ಬರಲ್ಲ" ಎನ್ನುತ್ತಾಳೆ ಹೆಂಡತಿ. ಮೂವತ್ತು ವರ್ಷ ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಇದು ಬೈಗುಳವಲ್ಲ, ಬಿರುದು ಎಂದೇ ಕಳೆದ ತಿಂಗಳವರೆಗೆ ಬೀಗುತ್ತಿದ್ದೆ.

ತಪ್ಪಿಲ್ಲದಲ್ಲೂ ನಾನು ತಪ್ಪು ಹುಡುಕಿದ್ದುಂಟು. ವನಜಾ ಎಂಬ ವಿದ್ಯಾರ್ಥಿನಿ. ಅವಳ ತಂದೆ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ, ಎರಡು ಸಂಖ್ಯೆಗಳ ಮೊತ್ತ ಮೂವತ್ತು, ವ್ಯತ್ಯಾಸ ಆರು, ಸಂಖ್ಯೆಗಳಾವುವು ಎಂದು ಕೇಳಿದ್ದೆ. ಸಮೀಕರಣದ ಗೊಡವೆಯೇ ಇಲ್ಲದೆ ಅವಳು, ಮೂವತ್ತರಲ್ಲಿ ಆರು ತೆಗೆದು ಅರ್ಧ ಮಾಡಿದರೆ ಹನ್ನೆರಡು, ಇನ್ನೊಂದು ಹದಿನೆಂಟು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಳು. ನಾನು ಸೊನ್ನೆ ಸುತ್ತಿದೆ.

"ಸರ್, ಉತ್ತರ ಸರಿ ಉಂಟಲ್ಲ?"

"ಉತ್ತರ ಸರಿ, ದಾರಿ ತಪ್ಪು. ಕಳ್ಳನೂ ಮನೆಯೊಳಗೇ ಬರ್ತಾನೆ, ಬಾಗಿಲಿಂದಲ್ಲ" ಎಂದೆ. ತರಗತಿ ಗೊಳ್ಳೆಂದಿತು, ನನ್ನ ವಾಕ್ಚಾತುರ್ಯಕ್ಕೆ ನಾನೂ ನಕ್ಕೆ. ಆಮೇಲೆ ವನಜಾ ಪ್ರಶ್ನೆ ಕೇಳಲಿಲ್ಲ. ಹತ್ತರಲ್ಲಿ ಗಣಿತದಲ್ಲೇ ನಪಾಸಾಗಿ ಶಾಲೆ ಬಿಟ್ಟಳು.

ಎಷ್ಟೋ ವರ್ಷಗಳ ಬಳಿಕ ನನ್ನನ್ನು ಪಠ್ಯಕ್ರಮ ಸಮಿತಿಗೆ ಕರೆದರು. ಅಲ್ಲಿ ಎರಡು ಮಧ್ಯಾಹ್ನ ಜಗಳವಾಡಿ ಶಿಕ್ಷಕರ ಕೈಪಿಡಿಗೆ ಒಂದು ವಾಕ್ಯ ಸೇರಿಸಿದೆ: ವಿದ್ಯಾರ್ಥಿಯು ಸ್ವಂತ ವಿಧಾನದಿಂದ ಸರಿಯುತ್ತರ ತಲುಪಿದರೆ ಪೂರ್ಣ ಅಂಕ ಕೊಡತಕ್ಕದ್ದು. ಎಲ್ಲರೂ ನನ್ನ ಔದಾರ್ಯವನ್ನು ಕೊಂಡಾಡಿದರು. ಅದು ಔದಾರ್ಯವಲ್ಲ, ಪ್ರಾಯಶ್ಚಿತ್ತ ಎಂದು ನಾನು ಹೇಳಲಿಲ್ಲ. ನೀವಾದರೂ ಹೇಳುತ್ತಿದ್ದಿರಾ?

ಕಳೆದ ತಿಂಗಳು ನಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡದ ರಿಪೇರಿಗೆ ಸರಳು ತರಲು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಹೋದಾಗ, ಅಂಗಡಿಯ ಗಲ್ಲಾದಲ್ಲಿದ್ದ ಹೆಂಗಸು ಎದ್ದು ನಿಂತಳು. "ಸರ್, ನಾನು ವನಜಾ!"

ಚಹಾ ತರಿಸಿದಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಹನ್ನೆರಡು ಎಮ್ಮೆಮ್ಮಿನ ನಲವತ್ತು ಸರಳುಗಳ ತೂಕ ಕೇಳಿದ. "ಬಾರಾ ಎಮ್ಮೆಮ್, ಚಾಲೀಸ್ ಪೀಸ್. ವಜನ್ ಕಿತನಾ?"

"ಚಾರ್ ಸೌ ಸತ್ತಾಯೀಸ್ ಕಿಲೋ" ಎಂದಳು, ಕ್ಯಾಲ್ಕ್ಯುಲೇಟರ್ ಮುಟ್ಟದೆ, ಕಪ್ಪಿನಿಂದ ಕಣ್ಣೆತ್ತದೆ. ಆ ನಾನೂರ ಇಪ್ಪತ್ತೇಳನ್ನು ತಾಳೆ ನೋಡಲು ನನಗೆ ಕಾಗದ ಬೇಕಾಯಿತು.

ಹಳೆಯ ಸೊನ್ನೆಯ ಕಥೆ ಹೇಳಿದೆ. ಅವಳು ನೆನಪಿಸಿಕೊಳ್ಳಲು ಯತ್ನಿಸಿ ಸೋತಳು. "ಅದೆಲ್ಲ ನೆನಪಿಲ್ಲ ಸರ್. ನನಗೆ ಗಣಿತ ಬರೂದಿಲ್ಲ ಅಂತ ಮಾತ್ರ ಗೊತ್ತುಂಟು. ಮಗಳೂ ಹಾಗೇ, ಎಂಟನೇ ಕ್ಲಾಸು, ಏನೇನೋ ತನ್ನದೇ ದಾರಿಯಲ್ಲಿ ಮಾಡ್ತಾಳೆ. ನಮ್ಮ ಮನೆ ಹತ್ರ, ಕಾಮೋಠೆಯಲ್ಲೇ ಟ್ಯೂಷನ್‌ಗೆ ಹಾಕಿದ್ದೇನೆ. ಸ್ವಂತ ಬುದ್ಧಿ ಓಡಿಸ್ಬೇಡ, ಮೆಥಡ್ ಬಾಯಿಪಾಠ ಮಾಡು ಅಂತ ದಿನಾ ಬೈತೇನೆ."

"ಬೈಬೇಡಮ್ಮ, ಅವಳ ದಾರಿಗೆ ಬಿಡು."

"ಬೇಡ ಸರ್," ಎಂದಳು ಸೌಜನ್ಯದಿಂದ, "ಕ್ಲಾಸಲ್ಲಿ ನಗ್ತಾರೆ."

ನಾನು ಕ್ಷಮಿಸು ಎಂದೆ. ಅದೇ ಹೊತ್ತಿಗೆ ಹೊರಗೆ ಲಾರಿಯಿಂದ ಸರಳುಗಳನ್ನು ಕೆಡವಿದರು, ಅವಳಿಗೆ ಕೇಳಿಸಲಿಲ್ಲ. "ಏನು ಸರ್?" ಎಂದಳು. ಇನ್ನೊಮ್ಮೆ ಹೇಳುವ ಧೈರ್ಯ ನನಗಾಗಲಿಲ್ಲ.