ಅಂಗೈಗೆ ಇಟ್ಟ ಬೊಟ್ಟು

ನಮ್ಮಜ್ಜಿಯನ್ನು ಹಿಂದೂಪುರದ ನಮ್ಮ ಬೀದಿಯವರೆಲ್ಲ ದೇವರಂಥ ಹೆಂಗಸು ಅನ್ನುತ್ತಿದ್ದರು. ಅನ್ನೋರಿಗೇನು, ಅವರೇನು ಅವಳ ಕೈಕೆಳಗೆ ಬಾಳಿದವರಾ? ಮನೆಯಲ್ಲಿ ಎರಡು ಮಗ್ಗ, ಒಂದು ಅಪ್ಪನದು, ಇನ್ನೊಂದು ಚಿಕ್ಕಪ್ಪನದು. ಚಿಕ್ಕಮ್ಮ ಕಲ್ಯಾಣದುರ್ಗದವಳು. ಬೇರೆ ಮನೆ ಮಾಡೋಣ ಅಂತ ಗಂಡನ ಹತ್ತಿರ ಅಂದಿದ್ದಳಂತೆ. ಆ ಮಾತು ಅಜ್ಜಿಯ ಕಿವಿಗೂ ಬಿತ್ತು.

ಆಮೇಲೆ ಒಂದು ದಿನ ಅಜ್ಜಿಯ ಕಿವಿಯೋಲೆ ಕಾಣದಾಯ್ತು. ಅಜ್ಜಿ ಬಾಯಿ ಮಾಡಲಿಲ್ಲ. ಸಾಯಂಕಾಲ ಅರಿಶಿನಕ್ಕೆ ಒಂಚೂರು ಸುಣ್ಣ ಕಲಸಿ, ಕೆಂಪಗಾದ ಅದನ್ನು ದೇವರ ಮುಂದಿಟ್ಟು, ಹೆಂಗಸರನ್ನೆಲ್ಲ ಕೂಗಿದಳು. ಒಬ್ಬೊಬ್ಬರ ಅಂಗೈಗೂ ಒಂದು ಬೊಟ್ಟು.

"ಕದ್ದ ಕೈಯಾಗೆ ಕೆಂಪು ನಿಲ್ಲಾಕಿಲ್ಲ ಕಣ್ರಮ್ಮ" ಅಂದಳು.

ಅಮ್ಮನ ಕೈಯಲ್ಲಿ ನಿಂತಿತು. ನನ್ನ ಕೈಯಲ್ಲೂ ನಿಂತಿತು. ಚಿಕ್ಕಮ್ಮ ಅಜ್ಜಿ ಹೇಳಿದಂತೆ ಬೆಳಗಿನಿಂದ ಹಿತ್ತಲಲ್ಲಿ ವರ್ಷಕ್ಕಾಗುವಷ್ಟು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಅಮ್ಮ ಹೋಗಿ ಕರೆತಂದಳು. ಅವಳ ಅಂಗೈಗೆ ಇಟ್ಟ ಬೊಟ್ಟು ನೋಡನೋಡುತ್ತಲೇ ಹಳದಿಯಾಯ್ತು. ಚಿಕ್ಕಮ್ಮ ಅಳಲಿಲ್ಲ, ಗಂಡನ ಮುಖ ನೋಡಿದಳು. ಆ ಮಹಾನುಭಾವ ನೆಲ ನೋಡಿದ. ಮಾರನೇ ದಿನ ಕಲ್ಯಾಣದುರ್ಗದ ಬಸ್ಸು ಹತ್ತಿಸಿ ಬಂದವನೇ ಕೈಕಾಲು ತೊಳೆದು, ಉಂಡು, ಮಗ್ಗಕ್ಕೆ ಇಳಿದ.

ಸ್ವಲ್ಪ ದಿನಕ್ಕೆ ಓಲೆ ಅಜ್ಜಿಯ ಕಿವಿಯಲ್ಲೇ ಇತ್ತು. "ಅವಳು ಹೋದ್ಮೇಲೆ ತಾನೇ ಸಿಕ್ಕಿದ್ದು? ಹೆದರಿ ಇಟ್ಟೋಗವ್ಳೆ" ಅಂದಳು. ನಾನೂ ಹೌದೇನೋ ಅಂದುಕೊಂಡೆ.

ಅದೇ ವರ್ಷ ಎಂಟನೇ ಕ್ಲಾಸಿನಲ್ಲಿ ಸೈನ್ಸ್ ಮೇಷ್ಟ್ರು ಬೋರ್ಡಿನ ಮೇಲೆ ತೆಲುಗಲ್ಲಿ ಆಮ್ಲಂ, ಕ್ಷಾರಂ ಅಂತ ಬರೆದರು. ಸ್ಕೂಲಿನಲ್ಲಿ ಲಿಟ್ಮಸ್ ಕಾಗದ ಇರಲಿಲ್ಲ. ಬಿಳಿ ಬಟ್ಟೆ ಚೂರಿಗೆ ಅರಿಶಿನ ಹಚ್ಚಿ ತಂದಿದ್ದರು. ಸುಣ್ಣದ ತಿಳಿ ಬಿಟ್ಟರು, ಕೆಂಪಾಯ್ತು. ಸುಣ್ಣ ಕ್ಷಾರ. ಹುಣಸೆ ನೀರು ಬಿಟ್ಟರು, ಮತ್ತೆ ಹಳದಿ. ಹುಣಸೆ ಆಮ್ಲ, ಒಂದು ಇನ್ನೊಂದನ್ನು ಕೊಲ್ಲುತ್ತೆ ಅಂದರು. ಗಂಟೆ ಹೊಡೆಯೋದೇ ತಡ, ಆ ಬಟ್ಟೆ ಚೂರು ಬೇಡಿ ಇಸ್ಕೊಂಡು ಮನೆಗೆ ಓಡಿದೆ.

"ಅಜ್ಜಿ, ಚಿಕ್ಕಮ್ಮ ಕದ್ದಿಲ್ಲ. ಅವಳ ಕೈಯಲ್ಲಿದ್ದ ಹುಣಸೆಹಣ್ಣಿಂದ ಹಳದಿ ಆಗಿದ್ದು. ನೋಡು, ಮಾಡಿ ತೋರಿಸ್ತೀನಿ. ಅವಳನ್ನ ಕರ್ಕೊಂಡು ಬರೋಣ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಬಟ್ಟೆಯ ಕಡೆ ಕಣ್ಣೂ ಹಾಯಿಸಲಿಲ್ಲ.

"ಇಷ್ಟು ಕಲಿಯಾಕೆ ಇಸ್ಕೂಲಿಗೆ ಹೋಯ್ತೀಯೇನೇ? ಸುಣ್ಣದ ಕೆಂಪಿಗೆ ಹುಳಿ ತಾಕಿದ್ರೆ ಏನಾಯ್ತದೆ ಅಂತ ಒಲೆ ಮುಂದೆ ಕೂತ ಯಾವ ಹೆಂಗ್ಸಿಗೆ ಗೊತ್ತಿಲ್ಲ? ನಿಮ್ಮ ಚಿಕ್ಕಪ್ಪಂಗೆ ಸೋಮಂದೇಪಲ್ಲಿ ಕಡೆ ಹೆಣ್ಣು ನೋಡಿ ಬಂದಿವ್ನಿ. ಬಾಯಿ ಮುಚ್ಕೊಂಡಿದ್ರೆ ಮದ್ವೆಗೆ ಹೊಸ ಲಂಗ ಹೊಲಿಸ್ತೀನಿ."

ಮುದುಕಿ ಅಷ್ಟು ಹೇಳಿ ಎಲೆ ಬಾಯಿಗಿಟ್ಟುಕೊಂಡಳು. ಹಿತ್ತಲಿಗೆ ಹೋದೆ. ಅಮ್ಮ ಪಾತ್ರೆ ತಿಕ್ಕುತ್ತಿದ್ದಳು.

"ಹಂಗಾದ್ರೆ ಚಿಕ್ಕಮ್ಮಂಗೂ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಕರೆಯಾಕೆ ಬಂದಾಗ, ತಡಿ ಅಕ್ಕ, ಕೈ ತೊಳ್ಕೊಂಡು ಬತ್ತೀನಿ ಅಂದ್ಲು. ಚೆಂಬು ನನ್ನ ಕೈಯಾಗಿತ್ತು. ನೀರು ಚೆಲ್ಲಿಬುಟ್ಟೆ."

"ಯಾಕಮ್ಮ?"

ಅಮ್ಮ ತಲೆ ಎತ್ತಲಿಲ್ಲ. "ಅವಳ ಕೈ ತೊಳ್ದಿದ್ರೆ ನಿಮ್ಮಜ್ಜಿ ಸುಮ್ಕಿರ್ತಿದ್ಲಾ? ನೀರು ಕೊಟ್ಟೋಳು ಯಾರು ಅಂತ ಕೇಳ್ತಿದ್ಲು. ಇನ್ನೊಂದು ದಿನ ಹುಣಸೆಹಣ್ಣು ಬಿಡ್ಸಾಕೆ ನನ್ನ ಕೂರಿಸ್ತಿದ್ಲು ಕಣಮ್ಮ."

ಆಮೇಲೆ, ತೊಳೆದ ಪಾತ್ರೆ ಒಳಗಿಟ್ಟು ಬಾ ಅಂದಳು. ನಾನು ಒಳಗಿಟ್ಟು ಬಂದೆ.