ಎಡಗಾಲಿನ ಬಾಳೆನಾರು

ನನ್ನನ್ನು ಶಾಲೆಗೆ ಸೇರಿಸಿದ್ದು ನಾಲ್ಕಕ್ಷರ ಕಲಿಯಲಿ ಎಂದಲ್ಲ, ತಮ್ಮನಿಗೆ ಸಂಕ ದಾಟಲು ಹೆದರಿಕೆ ಎಂದು. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳವಿತ್ತು. ಅದರ ಮೇಲೆ ಅಡ್ಡಲಾಗಿ ಎರಡು ಬಗನಿ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ಅದೇ ಸಂಕ. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ಹರಿಯುವಾಗ ಅವನು ಈಚೆ ದಡದಲ್ಲೇ ನಿಂತು ಅಳುತ್ತಿದ್ದ. ಗದ್ದೆ ಕೆಲಸ ಬಿಟ್ಟು ದಿನಾ ಅವನನ್ನು ದಾಟಿಸಿ ಬರಲು ಅಪ್ಪಯ್ಯನಿಗೆ ಪುರುಸೊತ್ತಿರಲಿಲ್ಲ. ಹಾಗಾಗಿ ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ನನ್ನ ಕೈಗೂ ಒಂದು ಸ್ಲೇಟು ಬಂತು. ಕರುವಿನ ಜೊತೆ ಹಗ್ಗವನ್ನೂ ಕೊಟ್ಟು ಕಳಿಸುತ್ತಾರಲ್ಲ, ಹಾಗೆ.

ಯಾಕೆ ಕಳಿಸಿದರೇನು, ನನಗೆ ಶಾಲೆ ಹಿಡಿಸಿಬಿಟ್ಟಿತು. ಅಕ್ಕ ತಮ್ಮ ಇಬ್ಬರೂ ಒಂದೇ ಕ್ಲಾಸು. ಅವನು ಮಗ್ಗಿ ಏಳರಲ್ಲೇ ಎಡವುವಾಗ ನಾನು ಹದಿನಾರಕ್ಕೆ ಹೋಗಿದ್ದೆ. ಗೋಡೆಯ ಮೇಲಿದ್ದ ಚಕ್ರವರ್ತಿಯ ಪಟದ ಕೆಳಗೆ ಕೂತು ಗಟ್ಟಿಯಾಗಿ ಪಾಠ ಓದುವ ಕೆಲಸವನ್ನು ಮುಖ್ಯ ಮೇಷ್ಟ್ರು ನನಗೇ ಕೊಡುತ್ತಿದ್ದರು. ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಅವ್ನಿಗೂ ಸ್ವಲ್ಪ ಹೇಳ್ಕೊಡೇ" ಎನ್ನುತ್ತಿದ್ದರು, ಅಷ್ಟೇ.

ನಾವು ಮೂರನೇ ಕ್ಲಾಸಿಗೆ ಬಂದ ವರ್ಷ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರವೇ ಮಳೆಯೂ ಹಿಡಿಯಿತು. ಇನ್ನು ಮೇಲೆ ಮಕ್ಕಳಿಗೆ ಡ್ರಿಲ್ ಆಗಲೇಬೇಕು ಎಂದು ಮಡಿಕೇರಿಯಿಂದ ಕಾಗದ ಬಂದಿತ್ತಂತೆ. ಕಾಗದದ ಹಿಂದೆಯೇ ಡ್ರಿಲ್ ಮೇಷ್ಟ್ರೂ ಬಂದರು. ಇಂಗ್ಲಿಷಿನವರ ದಂಡಿನಲ್ಲಿದ್ದು ಸಮುದ್ರ ದಾಟಿ ಯುದ್ಧ ನೋಡಿ ಬಂದವರು. ಕಾಲಿಗೆ ಬೂಟು, ಮೊಣಕಾಲಿನ ತನಕ ಸುತ್ತಿದ ಖಾಕಿ ಪಟ್ಟಿ, ಕೊರಳಲ್ಲಿ ಸೀಟಿ. ನಮ್ಮ ಶಾಲೆಯಲ್ಲಿ ಚಪ್ಪಲಿ ಇದ್ದ ಮಗು ಒಂದೂ ಇರಲಿಲ್ಲ. "ಮಳೆಗೆ ಹೆದರೋನು ಸಿಪಾಯಿ ಅಲ್ಲ" ಎಂದು ಮೊದಲ ದಿನವೇ ಸಾರಿ ಹುಡುಗರನ್ನೆಲ್ಲ ಸೋನೆಯಲ್ಲೇ ಬಯಲಿಗೆ ಇಳಿಸಿದರು. ಹಾಗೆಂದವರ ಕೈಯಲ್ಲಿ ಮಾತ್ರ ಛತ್ರಿ ಇತ್ತು.

ಹುಡುಗಿಯರು ನಾವು ಮೂವರು. ನಾವೂ ಇಳಿದು ಸಾಲಿನ ಕೊನೆಗೆ ನಿಂತೆವು. ಅವರು ಛತ್ರಿಯ ತುದಿಯಿಂದ ಜಗಲಿ ತೋರಿಸಿದರು.

"ಹೆಣ್ಮಕ್ಳು ಮೇಲೆ ಹೋಗಿ."

ಉಳಿದಿಬ್ಬರು ಹೋದರು. ನಾನು ನಿಂತೇ ಇದ್ದೆ. "ನಾವೂ ಮಾಡ್ತೀವಿ ಸಾರ್" ಅಂದೆ.

"ಮಾಡಿ? ದಂಡಿಗೆ ಹೋಗ್ತೀಯಾ?"

ಹುಡುಗರೆಲ್ಲ ನಕ್ಕರು. ನನ್ನ ತಮ್ಮನೂ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. "ಇವ್ರೆಲ್ಲ ಹೋಗ್ತಾರಾ ಸಾರ್?" ಎಂದು ಕೇಳಿಬಿಟ್ಟೆ.

ನಗು ನಿಂತಿತು. ದೊಡ್ಡವರಿಗೆ ಎದುರು ಮಾತಾಡಿದ್ದಕ್ಕೆ ಐವತ್ತು ಬಸ್ಕಿ. ಕಿವಿ ಹಿಡಿದು ಆ ಸೋನೆಯಲ್ಲೇ ಹೊಡೆದೆ. ಬೆಳಗಿನ ಜಾವ ಬಾವಿಯಿಂದ ನೀರು ಹೊತ್ತು, ಕೊಟ್ಟಿಗೆಗೆ ಸೊಪ್ಪು ಹೊತ್ತು, ಆಮೇಲೆ ಎರಡು ಮೈಲಿ ನಡೆದು ಶಾಲೆಗೆ ಬರುವವಳಿಗೆ ಐವತ್ತು ಬಸ್ಕಿ ಯಾವ ಲೆಕ್ಕ? ಮುಗಿಸಿ, "ಇನ್ನೂ ಹೊಡೀಬೇಕಾ ಸಾರ್?" ಎಂದೆ. ಅವರು ಮುಖ್ಯ ಮೇಷ್ಟ್ರ ಕಡೆ ತಿರುಗಿ, "ಈ ಹುಡುಗಿಗೆ ಬಾಯಿ ಜೋರು" ಅಂದರು. ಕಾಲು ಜೋರು ಎಂದು ಅವರಿಗೆ ಕಾಣಲೇ ಇಲ್ಲ. ಸರ್ಕಾರ ಕಾಗದ ಬರೆದು ಕಲಿಸಿದ ವ್ಯಾಯಾಮದಲ್ಲಿ ನನ್ನ ಪಾಲಿಗೆ ಬಂದದ್ದು ಆ ಐವತ್ತು ಬಸ್ಕಿ ಮಾತ್ರ. ಇಷ್ಟು ವರ್ಷವಾದ ಮೇಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹಾಗೆಂದು ನಮ್ಮನ್ನು ಸುಮ್ಮನೆ ಕೂರಿಸಲಿಲ್ಲ. ಡ್ರಿಲ್ ಮುಗಿಸಿ ಬಂದ ಹುಡುಗರ ಅಂಗಿಗಳೆಲ್ಲ ತೊಪ್ಪೆಯಾಗಿರುತ್ತಿದ್ದವು. ಒದ್ದೆ ಅಂಗಿಯಲ್ಲಿ ಕೂತರೆ ಜ್ವರ ಬರುತ್ತದೆ ಎಂಬ ಜ್ಞಾನ ಮೇಷ್ಟ್ರಿಗೆ ಡ್ರಿಲ್ ಆದ ಮೇಲೆ ಬರುತ್ತಿತ್ತು. ಜಗಲಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ದೊಡ್ಡ ಕಣ್ಣಿನ ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಅಂಗಿ ಹರಡಿ ಒಣಗಿಸುವುದು ನಮ್ಮ ಕೆಲಸ. ಬಾಣಂತಿ ಮನೆಯಲ್ಲಿ ಕೂಸಿನ ಬಟ್ಟೆ ಒಣಗಿಸುವುದು ಹಾಗೆ. ಹುಡುಗರು ಬರಿಮೈಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದರು. ನಾವು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಅಂಗಿ ಮಗುಚಿ ಹಾಕುತ್ತಿದ್ದೆವು. ಲೆಕ್ಕ ತಪ್ಪಿದರೆ ನಮಗೂ ಏಟು ಬೀಳುತ್ತಿತ್ತು. ಅದರಲ್ಲಿ ಮಾತ್ರ ಗಂಡು ಹೆಣ್ಣು ಭೇದವಿರಲಿಲ್ಲ.

ಜಗಲಿಯಿಂದ ಬಯಲು ಚೆನ್ನಾಗಿ ಕಾಣುತ್ತಿತ್ತು. ಅಟೆನ್ಷನ್ ಎಂದರೆ ಹಿಮ್ಮಡಿ ಕೂಡಿಸುವುದು, ಸ್ಟಾಂಡ್ ಅಟ್ ಈಸ್ ಎಂದರೆ ಕಾಲು ಅಗಲಿಸಿ ಕೈ ಬೆನ್ನಿಗೆ, ಅಬೌಟ್ ಟರ್ನ್ ಎಂದರೆ ಬಲಹಿಮ್ಮಡಿಯ ಮೇಲೆ ಹಿಂದಕ್ಕೆ ತಿರುಗುವುದು. ಮೂರೇ ದಿನದಲ್ಲಿ ನನಗೆ ಎಲ್ಲ ಬಾಯಿಪಾಠವಾಗಿತ್ತು. ಅಗ್ಗಿಷ್ಟಿಕೆಯ ಹಿಂದೆ ಕೂತಲ್ಲೇ ಲಂಗದ ಒಳಗೆ ಪಾದ ಕುಣಿಸುತ್ತಿದ್ದೆ. ನನ್ನ ತಮ್ಮನಿಗೋ ಎಡ ಯಾವುದು ಬಲ ಯಾವುದು ಎಂದೇ ತಿಳಿಯದು. ಎಲ್ಲರೂ ಅತ್ತ ತಿರುಗಿದರೆ ಇವನು ಇತ್ತ ತಿರುಗಿ ಪಕ್ಕದವನ ಮೂಗಿಗೆ ಮೂಗು ಕೊಟ್ಟು ನಿಲ್ಲುತ್ತಿದ್ದ. ಮೇಷ್ಟ್ರು ಬೆತ್ತದಲ್ಲಿ ಅವನ ಮೀನಖಂಡಕ್ಕೆ ಬಾರಿಸುತ್ತಿದ್ದರು. ಒಂದು ದಿನ ಮನೆ ದಾರಿಯಲ್ಲಿ ಅವನು ಬಾಸುಂಡೆ ತೋರಿಸಿ, "ಅಕ್ಕಾ, ನಾನು ನಾಳೆಯಿಂದ ಬರಲ್ಲ" ಅಂದ.

ಅವನು ಬರದಿದ್ದರೆ ನಾನೂ ಬರುವಂತಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಮೇಲಿನ ಮರುಕಕ್ಕೆ ಕಲಿಸಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಸ್ಲೇಟು ಉಳಿಯಲಿ ಎಂದು ಕಲಿಸಿದೆ.

ದಾರಿ ಬದಿಯ ಬಾಳೆಯಿಂದ ನಾರು ಎಳೆದು ಅವನ ಎಡಗಾಲಿನ ಹೆಬ್ಬೆರಳಿಗೆ ಕಟ್ಟಿದೆ. "ನಾರಿನ ಕಾಲು ಲೆಫ್ಟು, ಬರಿ ಕಾಲು ರೈಟು. ಬೇರೆ ಏನೂ ಯೋಚ್ನೆ ಮಾಡ್ಬೇಡ" ಎಂದೆ. ಗದ್ದೆಯ ಬದುವಿನ ಮೇಲೆ ನಾನು ಹಿಂದೆ, ಅವನು ಮುಂದೆ. ತಪ್ಪಿದಾಗ ಮತ್ತೆ ಮೊದಲಿನಿಂದ. ಕಾಡಿನ ಅಂಚಿನಲ್ಲಿ ಅಟೆನ್ಷನ್ ನಿಲ್ಲಿಸಿದರೆ ಅರೆಗಳಿಗೆಯಲ್ಲಿ ನಾಲ್ಕು ಜಿಗಣೆ ಹತ್ತುತ್ತಿದ್ದವು. "ಅಲ್ಲಾಡ್ಬೇಡ, ನಾನು ಕೀಳ್ತೀನಿ" ಎಂದು ಸುಣ್ಣ ಹಚ್ಚಿ ಬೀಳಿಸುತ್ತಿದ್ದೆ. ಅವನು ಹಲ್ಲು ಕಚ್ಚಿ ನಿಲ್ಲುವುದನ್ನು ಕಲಿತ. ನಿಜ ಹೇಳಬೇಕೆಂದರೆ ಆ ದಿನಗಳಷ್ಟು ಖುಷಿ ನನಗೆ ಆ ಶಾಲೆಯೊಳಗೂ ಇರಲಿಲ್ಲ. ನಾನೇ ಕೂಗುವುದು, ನಾನೇ ನಡೆಯುವುದು, ನಾನೇ ತಿರುಗುವುದು. ತಡೆಯಲು ಯಾರ ಛತ್ರಿಯೂ ಇರಲಿಲ್ಲ.

ಕೊನೆಗೆ ಸಂಕ. ಅದನ್ನೂ ಡ್ರಿಲ್ಲಿನ ಲೆಕ್ಕಕ್ಕೆ ಸೇರಿಸಿದ್ದು ನನ್ನದೇ ಬುದ್ಧಿ. "ಕೆಳಗೆ ನೋಡ್ಬೇಡ. ಎದೆ ಮುಂದೆ. ಲೆಫ್ಟ್, ರೈಟ್" ಎಂದು ಕೂಗುತ್ತ ಹಿಂದೆ ನಡೆದೆ. ಮೊದಲ ದಿನ ನನ್ನ ಕೈ ಹಿಡಿದ, ಆಮೇಲೆ ಬಿದಿರು ಹಿಡಿದ, ಒಂದು ದಿನ ಏನನ್ನೂ ಹಿಡಿಯದೆ ದಾಟಿ ಆಚೆ ದಡದಲ್ಲಿ ಅಬೌಟ್ ಟರ್ನ್ ಮಾಡಿ ನನಗೆ ಸೆಲ್ಯೂಟ್ ಹೊಡೆದ. ನಾನೂ ಹೊಡೆದೆ.

ಬಯಲಿನಲ್ಲಿ ಅವನನ್ನು ಸಾಲಿನ ಮುಂದಕ್ಕೆ ತಂದು ನಿಲ್ಲಿಸಿದರು. "ಇವನ್ನ ನೋಡಿ ಕಲೀರಿ. ಅಳುಬುರುಕ ಆಗಿದ್ದ. ಬರೀ ಒಂದು ತಿಂಗಳಲ್ಲಿ ಗಂಡಸು ಮಾಡ್ದೆ" ಎಂದು ಡ್ರಿಲ್ ಮೇಷ್ಟ್ರು ಮುಖ್ಯ ಮೇಷ್ಟ್ರಿಗೆ ಹೇಳುತ್ತಿದ್ದಾಗ ನಾನು ಅವರಿಂದ ನಾಲ್ಕು ಮಾರು ದೂರದಲ್ಲಿ ಅಂಗಿ ಒಣಗಿಸಲು ಕೆಂಡ ಊದುತ್ತಿದ್ದೆ. ಮಾಡಿದ್ದು ಇವರಂತೆ. ಗುಡಿಸಿದವಳು ಒಬ್ಬಳು, ಆರತಿ ತಟ್ಟೆ ಹಿಡಿದವನು ಇನ್ನೊಬ್ಬ. ತಮ್ಮ ಬಾಯಿ ತೆರೆದು ನಮ್ಮಕ್ಕ ಕಲಿಸಿದ್ದು ಎಂದು ಹೇಳಬಹುದಿತ್ತು. ಅವನು ಅಟೆನ್ಷನ್‌ನಲ್ಲಿದ್ದ. ಅಟೆನ್ಷನ್‌ನಲ್ಲಿ ಮಾತಾಡಬಾರದು. ಅದನ್ನೂ ನಾನೇ ಕಲಿಸಿದ್ದೆ.

ಅದೇ ವಾರ ಅಪ್ಪಯ್ಯ ಹಳ್ಳದ ಪಕ್ಕದ ಗದ್ದೆಯಲ್ಲಿ ಸಸಿ ಕೀಳಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಮಗ ಎದೆ ಉಬ್ಬಿಸಿಕೊಂಡು ಕೈ ಬೀಸುತ್ತ ಸಂಕದ ಮೇಲೆ ಬರುತ್ತಿದ್ದ. ಹಿಂದೆ ಬರುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದೆನೋ ಇಲ್ಲವೋ ಗೊತ್ತಿಲ್ಲ. ಸಂಜೆ ಊಟಕ್ಕೆ ಕೂತಾಗ ನನ್ನ ಮುಖ ನೋಡದೆ ಅವ್ವನಿಗೆ ಹೇಳಿದರು.

"ಇನ್ನು ಒಬ್ನೇ ಹೋಗ್ತಾನೆ ಬಿಡು. ನಾಟಿಗೆ ಕೈ ಸಾಲ್ದು. ಇವ್ಳು ನಾಳೆಯಿಂದ ಗದ್ದೆಗೆ ಬರ್ಲಿ."

"ನಾಟಿ ಮುಗಿದ್ಮೇಲೆ ಹೋಗ್ಬೋದಾ ಅಪ್ಪಯ್ಯ?"

"ಯಾತಕ್ಕೆ?" ಅಂದರು. ಸಿಟ್ಟಿನಿಂದ ಕೇಳಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು. ಅವ್ವ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಓದಿದ್ದು ಸಾಕು ಬಿಡು ಮಗ" ಎಂದಳು. ಕೋಳಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ?

ಬೆಳಿಗ್ಗೆ ಬಚ್ಚಲೊಲೆಯ ಮುಂದೆ ತಮ್ಮ ಚಳಿ ಕಾಯಿಸುತ್ತ ಕೂತಿದ್ದಾಗ ನಾನು ಅವನ ಪಕ್ಕ ಕುಕ್ಕರಿಸಿದೆ.

"ಹೆದ್ರಿಕೆ ಆಗುತ್ತೆ ಅನ್ನು. ಸಂಕದ ಮೇಲೆ ಕಾಲು ನಡುಗುತ್ತೆ, ಅಕ್ಕ ಬೇಕು ಅನ್ನು. ಅಷ್ಟೇ ಸಾಕು."

ಅವನು ಬೆಂಕಿಯನ್ನೇ ನೋಡುತ್ತ, "ನಂಗೆ ಹೆದ್ರಿಕೆ ಇಲ್ವಲ್ಲಕ್ಕ" ಅಂದ.

"ಇಲ್ಲ ಅಂತ ನಂಗೂ ಗೊತ್ತು ಕಣೋ. ಸುಳ್ಳು ಹೇಳು."

ಆಗಲಿ ಎನ್ನುವಂತೆ ತಲೆಯಾಡಿಸಿದ. ನಾನು ನಂಬಿದೆ. ನಂಬಿ ಎರಡು ಸ್ಲೇಟನ್ನೂ ಒರೆಸಿ ಬಾಗಿಲ ಬಳಿ ಇಟ್ಟೆ. ಅಪ್ಪಯ್ಯ ಹೊರಡುವಾಗ ಅಂಗಳದಲ್ಲಿ ನಿಂತು ಕೇಳಿದರು.

"ಒಬ್ನೇ ಹೋಗ್ತೀಯೇನ್ಲಾ? ಸಂಕಕ್ಕೆ ಹೆದ್ರಲ್ಲ ತಾನೆ?"

ಅವನು ನನ್ನ ಕಡೆ ನೋಡಿದ. ಅಪ್ಪಯ್ಯನ ಕಡೆ ನೋಡಿದ. ಅಪ್ಪಯ್ಯ ಅವನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅದೇ ಮೊದಲು. ಅವನ ಹಿಮ್ಮಡಿಗಳು ಕೂಡಿದವು, ಎದೆ ಮುಂದೆ ಬಂತು. "ಹೆದ್ರಲ್ಲ ಅಪ್ಪಯ್ಯ" ಅಂದ. ಹೆಬ್ಬೆರಳಿನಲ್ಲಿ ಬಾಳೆನಾರು ಇರಲಿಲ್ಲ. ಯಾವಾಗ ಬಿಚ್ಚಿ ಎಸೆದಿದ್ದನೋ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ.

ನನ್ನ ಸ್ಲೇಟನ್ನು ಅವ್ವ ಒಳಗೆ ತೆಗೆದಿಟ್ಟಳು. ನಾನು ಬೆನ್ನಿಗೆ ಎಲೆ ಹೆಣೆದ ಗೊರಬೆ ಕವುಚಿಕೊಂಡು ಮಳೆಯಲ್ಲಿ ಹೆಂಗಸರ ಸಾಲಿಗೆ ಇಳಿದೆ. ನಾಟಿಯೂ ಒಂದು ಡ್ರಿಲ್ಲೇ. ಎಲ್ಲರೂ ಒಟ್ಟಿಗೆ ಬಗ್ಗಬೇಕು, ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಇಡಬೇಕು. ಅಲ್ಲಿ ನನ್ನನ್ನು ಯಾರೂ ಜಗಲಿಗೆ ಕಳಿಸಲಿಲ್ಲ.

ತಮ್ಮ ಬದುವಿನ ಮೇಲೆ ಬಂದ. ಬಿಳಿ ಅಂಗಿ. ಎಷ್ಟು ದಿನ ಆ ಅಂಗಿಯನ್ನು ಕೆಂಡದ ಮೇಲೆ ಮಗುಚಿ ಹಾಕಿದ್ದೆನೋ. ಸಂಕದ ಮೇಲೆ ಲೆಫ್ಟ್ ರೈಟ್ ಎಂದು ತಾನೇ ಹೇಳಿಕೊಳ್ಳುತ್ತ ದಾಟಿದ. ಆಚೆ ದಡದಲ್ಲಿ ಅಬೌಟ್ ಟರ್ನ್ ಮಾಡಿ, ನನ್ನನ್ನು ಹುಡುಕಿ, ಸೆಲ್ಯೂಟ್ ಹೊಡೆದ.

ನನ್ನ ಕೈಯಲ್ಲಿ ಸಸಿಯ ಕಟ್ಟಿತ್ತು. ಅದನ್ನು ಬಿಟ್ಟು ಕೆಳಗಿನಿಂದ ಮುಷ್ಟಿ ತುಂಬ ಕೆಸರು ತೆಗೆದು ಎಸೆದೆ. ಹಳ್ಳ ದಾಟಿ ಹೋಗಿ ಅವನ ಎದೆಗೆ ಸರಿಯಾಗಿ ಬಡಿಯಿತು. ಎಸೆಯುವುದನ್ನು ನನಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಅವನು ಅಳಲಿಲ್ಲ. ಸೆಲ್ಯೂಟ್ ಹೊಡೆದ ಕೈಯನ್ನು ಮೆಲ್ಲಗೆ ಇಳಿಸಿ, ತಿರುಗಿ, ಕಾಡಿನ ದಾರಿ ಹಿಡಿದು ಹೋದ. ಹೆಂಗಸರು ಬಗ್ಗಿದ್ದರು, ಯಾರೂ ನೋಡಲಿಲ್ಲ.

ಎಸೆಯಬೇಕಾದದ್ದು ಆ ಛತ್ರಿಗೆ. ಧೈರ್ಯವಿದ್ದರೆ ಅಪ್ಪಯ್ಯನ ಬೆನ್ನಿಗೆ. ಒಂಬತ್ತು ವರ್ಷದವನ ಎದೆಗಲ್ಲ. ಇದು ನನಗೆ ಅವತ್ತು ಮಧ್ಯಾಹ್ನದೊಳಗೇ ಗೊತ್ತಾಗಿತ್ತು. ಗೊತ್ತಾಗಿ ಸಿಟ್ಟು ಕಡಿಮೆಯಾಗಲಿಲ್ಲ, ನನ್ನ ಮೇಲೂ ಒಂದು ಪಾಲು ಬಂತು, ಅಷ್ಟೇ. ಮೂರನೇ ಕ್ಲಾಸಿಗೆ ಬಿಟ್ಟವಳು ಇಷ್ಟೆಲ್ಲ ಬರೆಯುತ್ತಾಳೆಯೇ ಎನ್ನುವವರಿಗೆ ಹೇಳುತ್ತೇನೆ: ಮಿಕ್ಕಿದ್ದನ್ನು ಅವನ ಪುಸ್ತಕಗಳಿಂದ ಒಲೆಯ ಮುಂದೆ ಕೂತು ಕದ್ದೆ. ಯಾರೂ ಕೊಡಲಿಲ್ಲ.

ಸಂಜೆ ಅವನು ಬರಿಮೈಯಲ್ಲಿ ಬಂದ. ಗಲೀಜು ಅಂಗಿ ಹಾಕಿಕೊಂಡು ಬಂದದ್ದಕ್ಕೆ ಸಾಲಿನ ಮುಂದಿನಿಂದ ತೆಗೆದು ಹಿಂದಕ್ಕೆ ನಿಲ್ಲಿಸಿದರಂತೆ, ಎರಡು ಏಟೂ ಬಿತ್ತಂತೆ. ಕೆಸರು ಹೇಗಾಯ್ತೋ ಎಂದು ಅಪ್ಪಯ್ಯ ಗದರಿದರು. "ಗದ್ದೇಲಿ ಕೋಣ ಓಡ್ತು, ಸಿಡೀತು" ಅಂದ. ಬೆಳಿಗ್ಗೆ ನನಗಾಗಿ ಹೇಳಲಾರದೆ ಹೋದ ಸುಳ್ಳನ್ನು ಸಂಜೆ ನನಗಾಗಿ ಹೇಳಿದ.

ಆಮೇಲೆ ಹಳ್ಳದಲ್ಲಿ ತೊಳೆದು ತಂದಿದ್ದ ಅಂಗಿಯನ್ನು ಒಲೆಯ ಬಳಿ ಕೂತಿದ್ದ ನನ್ನ ಮುಂದೆ ಹಿಡಿದ. ಕಣ್ಣೆತ್ತಿ ನೋಡಲಿಲ್ಲ.

"ನಾಳೆ ಬೆಳಿಗ್ಗೆಗೆ ಒಣಗ್ಬೇಕು ಅಕ್ಕ" ಅಂದ.

ನಾನು ಕೆಂಡ ಎಳೆದು ಬುಟ್ಟಿ ಕವುಚಿದೆ.