ಹಡಗಿನಿಂದ ತಂದ ಬಟ್ಟೆ

ಡಾಕ್ಟರು ಅಪ್ಪನ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಹತ್ತಿರ ಬಗ್ಗಿ ನೋಡಿದರು. ಹಾವು ಕಂಡರೆ ದೊಣ್ಣೆ ಹುಡುಕುವ ಹೆಂಗಸು ನಾನು. ಆದರೆ ಕವರಿನೊಳಗಿನ ರಿಪೋರ್ಟಿಗೆ ಹೆದರುತ್ತೇನೆ.

"ಯಜಮಾನ್ರೇ, ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ?"

"ಮೊದ್ಲು ನೇವಿ ಸಾರ್. ಆಮೇಲೆ ಭದ್ರಾವತೀಲಿ ಕಾರ್ಖಾನೆ."

"ನೇವೀಲಿ ಏನು?"

"ಬಾಯ್ಲರ್ ರೂಮು. ಟ್ಯಾಂಕ್ ಇಳಿಸೋ ಹಡಗು, ದೊಡ್ಡ ಯುದ್ಧದ ಕಾಲದ್ದು." ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಡಾಕ್ಟರು ನನ್ನ ಕಡೆ ತಿರುಗಿದರು. "ಆ ಹಡಗಿನ ಕಥೆ ಪೂರ್ತಿ ಬರ್ಕೊಂಡು ಬನ್ನಿ ಮೇಡಂ. ಎಷ್ಟು ವರ್ಷ, ಎಲ್ಲಿ ಮಲಗ್ತಿದ್ರು, ಏನು ಧೂಳು ಕುಡಿದ್ರು, ಎಲ್ಲ. ಸೋಮವಾರ ನೋಡೋಣ." ಅಪ್ಪ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದ ಮೇಲೆ ದನಿ ತಗ್ಗಿಸಿ, "ಆಸ್ಬೆಸ್ಟಾಸ್ ಇರಬಹುದು" ಅಂದರು.

ಮನೆಗೆ ಬರುವಾಗ ಆಟೋದಲ್ಲಿ ಅಪ್ಪ ಖುಷಿಯಾಗಿದ್ದರು. "ನೋಡಿದ್ಯಾ, ನನ್ನ ಹಡಗಿನ ಕಥೆ ಕೇಳೋರು ಶಿವಮೊಗ್ಗದಲ್ಲಿ ಒಬ್ರಾದ್ರೂ ಸಿಕ್ಕಿದ್ರು!" ಎಂದು ನಕ್ಕು, ಆ ನಗುವಿಗೇ ಕೆಮ್ಮು ಹತ್ತಿಸಿಕೊಂಡರು.

ಆಸ್ಬೆಸ್ಟಾಸ್ ಅಂದರೆ ನನಗೆ ಗೊತ್ತಿದ್ದದ್ದು ಛಾವಣಿಯ ಶೀಟು ಮಾತ್ರ. ನಾನು ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮರುದಿನ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಹಳೆಯ ಹಡಗುಗಳಲ್ಲಿ ಹಬೆಯ ಪೈಪುಗಳಿಗೆ ಇದನ್ನೇ ಸುತ್ತುತ್ತಿದ್ದರಂತೆ. ಧೂಳು ಎದೆಗೂಡು ಸೇರಿ, ಎಷ್ಟೋ ವರ್ಷ ಸುಮ್ಮನಿದ್ದು, ಆಮೇಲೆ ಕಾಯಿಲೆಯಾಗಿ ಏಳುತ್ತದಂತೆ. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಬಂದದ್ದಿದೆಯಂತೆ. ಜೊತೆಗೊಂದು ಚಿತ್ರ ಇತ್ತು: ಬೂದುಬಣ್ಣದ, ಒರಟು ನೇಯ್ಗೆಯ ಬಟ್ಟೆ. ನೋಡಿದ್ದೇ ಗುರುತು ಸಿಕ್ಕಿತು. ಆ ಬಟ್ಟೆ ನಮ್ಮ ಮನೆಯಲ್ಲಿತ್ತು.

ಅಪ್ಪ ನೇವಿಯ ನೌಕರಿ ಮುಗಿಸಿ ಬರುವಾಗ ಅದನ್ನು ಟ್ರಂಕಿನಲ್ಲಿ ತಂದಿದ್ದರು. ಅವರು ಕಾರ್ಖಾನೆ ಸೇರಿದ ಮೇಲೆ ನಾವು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿದ್ದೆವು. ಅದು ಸುಡದ ಬಟ್ಟೆ. ಅಪ್ಪ ಅದರ ಒಂದು ತುಂಡನ್ನು ಒಲೆಗೆ ಹಾಕಿ, ಇಕ್ಕಳದಲ್ಲಿ ಹೊರಗೆ ತೆಗೆದು, "ನೋಡಿ!" ಅನ್ನುತ್ತಿದ್ದರು. ಅಕ್ಕಪಕ್ಕದ ಮನೆಯವರು ಬೆರಗಾಗಿ ನೋಡುತ್ತಿದ್ದರು. ಎದುರು ಮನೆಯ ತಮಿಳು ಅಕ್ಕ ಕೈಯನ್ನೇ ಮುಗಿದುಬಿಟ್ಟಿದ್ದರು. ಬಿಸಿ ಪಾತ್ರೆ ಇಳಿಸುವುದಕ್ಕೆ ಅಮ್ಮನಿಗೆ ಅದೇ ಬೇಕು. ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯ ಸುತ್ತ ಅದನ್ನೇ ಕಟ್ಟುತ್ತಿದ್ದಳು, ಬೆಳಗಿನ ಎಣ್ಣೆಸ್ನಾನದವರೆಗೆ ನೀರು ಬೆಚ್ಚಗಿರಲಿ ಎಂದು. ಕೇಳಿದವರಿಗೆಲ್ಲ ಕತ್ತರಿಯಲ್ಲಿ ಕತ್ತರಿಸಿ ಒಂದೊಂದು ತುಂಡು ಕೊಟ್ಟಳು. ಇಲ್ಲ ಅನ್ನುವುದು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಶನಿವಾರ ಮೆಟ್ಟಿಲ ಮೇಲೆ ಅದನ್ನು ಕೊಡವುತ್ತಿದ್ದಳು. ಬಿಸಿಲಿನಲ್ಲಿ ಮಿನುಗುವ ಧೂಳನ್ನು ನಾನು ಪಕ್ಕದಲ್ಲೇ ಕೂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

ಅಮ್ಮ ತೀರಿಕೊಂಡದ್ದು ಉಸಿರು ಸಿಗದೆ. ಉಬ್ಬಸ ಅಂದುಕೊಂಡಿದ್ದೆವು. ಸಮುದ್ರವನ್ನೇ ನೋಡದ ಹೆಂಗಸು.

ಶಂಕರಘಟ್ಟದಿಂದ ಬಸ್ಸಿನಲ್ಲಿ ಬರುವಾಗ ನನಗೆ ಒಂದೇ ಭಯ. ಅಪ್ಪನ ಕಾಯಿಲೆಯದ್ದಲ್ಲ, ಅದಕ್ಕೆ ಡಾಕ್ಟರಿದ್ದಾರೆ. ನಾನು ಕಂಡುಕೊಂಡದ್ದನ್ನು ಅಪ್ಪ ಕಂಡುಕೊಂಡರೆ ಏನು ಗತಿ? ಹೆಂಡತಿಯ ಸಾವನ್ನು ತಾನೇ ಟ್ರಂಕಿನಲ್ಲಿ ಹೊತ್ತು ತಂದೆ ಅಂತ ಈ ವಯಸ್ಸಿನಲ್ಲಿ ಅವರಿಗೆ ತಿಳಿಯಬಾರದು. ಬಟ್ಟೆಯ ವಿಷಯ ಬರೆಯುವುದೇ ಇಲ್ಲ ಎಂದು ತೀರ್ಮಾನಿಸಿದೆ.

ಶನಿವಾರ ಊಟದ ಮೇಜಿನ ಮುಂದೆ ಕೂತೆವು. "ನಿಮ್ಮದು ಹೇಳಿ ಅಪ್ಪಾಜಿ" ಅಂದೆ.

"ನಂದಿರ್ಲಿ, ಮೊದ್ಲು ಹಡಗಿಂದು ಬರಿ. ನನಗಿಂತ ದೊಡ್ಡದು ಅದು."

ಬರೆದೆ. ಹಡಗು ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ಪರದೇಶದಲ್ಲಿ ಹುಟ್ಟಿತು. ಅಲ್ಲಿ ಬೇಡವಾದ ಮೇಲೆ ನಮ್ಮ ಪಾಲಿಗೆ ಬಂತು. ದಡಕ್ಕೇ ಹತ್ತಬೇಕಾದ್ದರಿಂದ ತಳ ಚಪ್ಪಟೆ. ಆದ್ದರಿಂದಲೇ ಸಣ್ಣ ಅಲೆಗೂ ಹೊಯ್ದಾಡುತ್ತಿತ್ತು. ಮೂತಿಯ ಬಾಗಿಲು ತೆರೆದರೆ ಟ್ಯಾಂಕುಗಳು ನೇರ ಮರಳಿಗಿಳಿಯುತ್ತಿದ್ದವು. ದಡ ಹತ್ತುವ ಮುಂಚೆ ಹಿಂದುಗಡೆ ಒಂದು ಲಂಗರು ಬಿಟ್ಟು ಹೋಗುತ್ತಿದ್ದರು, ವಾಪಸು ಬರುವಾಗ ಅದರ ಹಗ್ಗವನ್ನೇ ಎಳೆದುಕೊಂಡು ನೀರಿಗೆ ಜಾರುವುದಕ್ಕೆ. "ಹೋಗೋಕೆ ಮುಂಚೆನೇ ಬರೋ ದಾರಿ ಕಟ್ಟಿಡ್ಬೇಕು ಮಾರಾಯ್ತಿ" ಎಂದರು. ಅಂಡಮಾನಿಗೆ ಜೀಪು, ಸಿಮೆಂಟು. ಚಂಡಮಾರುತ ಬಂದಾಗ ಅಕ್ಕಿ ಮೂಟೆ. ಬಾಂಗ್ಲಾ ಯುದ್ಧದ ದಿನಗಳಲ್ಲಿ ದೀಪ ಆರಿಸಿಕೊಂಡು ಸಾಗಿದ್ದು. ಕೊನೆಗೆ ಯಾವುದೋ ದಡದಲ್ಲಿ ತುಂಡು ತುಂಡಾಗಿ ಗುಜರಿ ಸೇರಿದ್ದು. ಅದನ್ನು ಬರೆದೆನೋ ಇಲ್ಲವೋ ಎಂದು ಅಪ್ಪ ಬಗ್ಗಿ ನೋಡಿದರು.

"ಬಾಯ್ಲರ್ ರೂಮಲ್ಲಿ ಪೈಪಿಗೆ ಏನು ಸುತ್ತಿದ್ರು?" ಎಂದು ಕೇಳಿದೆ.

"ಬೂದಿ ಬಣ್ಣದ್ದು. ಹಡಗು ಅಲ್ಲಾಡಿದಾಗೆಲ್ಲ ಹಿಟ್ಟು ಜರಡಿ ಹಿಡಿದ ಹಾಗೆ ಉದುರ್ತಿತ್ತು. ಅದರ ಕೆಳಗೇ ಊಟ, ಅಲ್ಲೇ ನಿದ್ದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೊನೇ ವರ್ಷ ಟ್ರಂಕ್ ಕಟ್ಕೊಂಡು ಇಳಿದೆ..." ಅಂದರು.

ನಾನು ಪೆನ್ನಿನ ಕ್ಯಾಪು ಹಾಕಿದೆ. "ಸಾಕು ಅಪ್ಪಾಜಿ, ಸುಸ್ತಾಗಿದ್ದೀರಿ."

ಅವರು ನಿಡಿದಾಗಿ ಉಸಿರುಬಿಟ್ಟು ತಲೆಯಾಡಿಸಿದರು. ನಿಜವಾಗಿಯೂ ಸುಸ್ತು ಅಂದುಕೊಂಡೆ.

ಭಾನುವಾರ ಅವರು ವಾಕಿಂಗಿಗೆ ಹೋದಾಗ ಟ್ರಂಕು ತೆಗೆದೆ. ಉಳಿದ ಒಂದು ತುಂಡು ಅದರಲ್ಲಿರಬೇಕಿತ್ತು. ಮನೆ ಬದಲಾಯಿಸಿದಾಗ ನಾನೇ ಇಟ್ಟ ನೆನಪು. ಮೂಗಿಗೆ ಸೆರಗು ಕಟ್ಟಿಕೊಂಡು ತಳದವರೆಗೂ ಹುಡುಕಿದೆ. ಹಳೆಯ ಟೋಪಿ, ಬೆಲ್ಟು, ಅಮ್ಮನ ಒಂದು ಸೀರೆ. ಬಟ್ಟೆ ಇರಲಿಲ್ಲ. ಇದ್ದರೆ ಹೆದರುತ್ತಿದ್ದೆ, ಇಲ್ಲದ್ದಕ್ಕೆ ಇನ್ನೂ ಹೆದರಿದೆ.

ಸೋಮವಾರ ಡಾಕ್ಟರು ನನ್ನ ನಾಲ್ಕು ಪುಟ ಓದಿದರು. "ಚೆನ್ನಾಗಿ ಬರ್ದಿದ್ದೀರಿ. ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು, ಉಬ್ಬಸ ಇತ್ತಾ?"

"ಇಲ್ಲ" ಎಂದೆ.

ಅಪ್ಪ ಬಗ್ಗಿ ಕಾಲ ಬಳಿ ಇದ್ದ ಬ್ಯಾಗಿನ ಜಿಪ್ ಎಳೆದರು. ಒಂದರ ಮೇಲೊಂದು ಪ್ಲಾಸ್ಟಿಕ್ ಕವರು ಹಾಕಿ ದಾರದಲ್ಲಿ ಬಿಗಿದ ಗಂಟನ್ನು ಮೇಜಿನ ಮೇಲಿಟ್ಟರು. ಕವರಿನ ಒಳಗಿನ ಬೂದುಬಣ್ಣ ಕಂಡೊಡನೆ ನನಗೆ ಗೊತ್ತಾಯಿತು.

"ಇದನ್ನೂ ಬರ್ಕೊಳ್ಳಿ ಡಾಕ್ಟ್ರೇ. ನನ್ನ ಹೆಂಡ್ತಿ ಉಸಿರು ಕಟ್ಟಿ ಹೋದ್ಲು. ಅವಳು ಯಾವತ್ತೂ ಹಡಗು ಹತ್ತಿಲ್ಲ. ನಾನೇ ಹಡಗನ್ನ ಮನೆಗೆ ತಂದಿದ್ದೆ."

ಡಾಕ್ಟರು ಗಂಟನ್ನು ಬಿಚ್ಚಬೇಡಿ ಎಂದು ಕೈ ಅಡ್ಡ ಹಿಡಿದರು.

"ಯಾವಾಗಿಂದ ಗೊತ್ತು ಅಪ್ಪಾಜಿ?"

"ನಿಮ್ಮಮ್ಮ ಹೋದ ಮಾರನೇ ವರ್ಷ, ನನ್ನ ಜೊತೆ ಬಾಯ್ಲರ್ ರೂಮಲ್ಲಿದ್ದ ದೋಸ್ತು ಹೋದ. ಪೈಪಿಗೆ ಸುತ್ತಿದ್ದ ಬಟ್ಟೆ ಧೂಳಿಂದ್ಲೇ ಹೋದ ಅಂತ ಅವನ ಮಗ ಫೋನ್ ಮಾಡಿ ಹೇಳ್ದ. ಸುಡೋಣ ಅಂದ್ರೆ ಇದು ಸುಡಲ್ಲ. ಎಸೆಯೋಣ ಅಂದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ನಿನಗೆ ಹೇಳೋಣ ಅಂದ್ರೆ ಧೈರ್ಯ ಬರ್ಲಿಲ್ಲ." ಆಮೇಲೆ ಡಾಕ್ಟರ ಕಡೆ ತಿರುಗಿ ಕೈ ಜೋಡಿಸಿದರು. "ನಂದು ಹೆಂಗೋ ಆಯ್ತು. ಇವಳು ಆ ಧೂಳಲ್ಲೇ ಆಡಿ ಬೆಳೆದೋಳು. ಇವಳ್ದು ಒಂದು ಎಕ್ಸ್‌ರೇ ತೆಗೀರಿ."

ನಾಲ್ಕು ದಿನ ಅಪ್ಪನಿಗಾಗಿ ಹೆದರಿದ್ದೆ. ಅಪ್ಪ ಅಷ್ಟೂ ವರ್ಷ ನನಗಾಗಿ ಹೆದರಿದ್ದರು, ನಾನು ಶೀತಕ್ಕೆ ಸೀನಿದರೂ ತಿರುಗಿ ನೋಡುತ್ತಿದ್ದದ್ದು ಅದಕ್ಕೇ.

ಹೊರಗೆ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತೆವು. ಡಾಕ್ಟರು ವಾಪಸು ಕೊಟ್ಟ ನಾಲ್ಕು ಪುಟ ಮತ್ತು ಪೆನ್ನನ್ನು ಅಪ್ಪ ನನ್ನ ಕೈಯಿಂದ ಇಸಿದುಕೊಂಡು, ಹಡಗು ಗುಜರಿ ಸೇರಿತು ಎಂದಿದ್ದ ಸಾಲಿನ ಕೆಳಗೆ ಬರೆಯತೊಡಗಿದರು: ಎದುರು ಮನೆ, ಮೂಲೆ ಮನೆ, ನಲ್ಲಿ ಪಕ್ಕದ ತೆಲುಗರ ಮನೆ. ಅಮ್ಮ ತುಂಡು ಕೊಟ್ಟ ಮನೆಗಳು.

"ಇವರಿಗೆಲ್ಲ ಹೋಗಿ ಹೇಳ್ಬೇಕು. ಇವತ್ತೇ ಭದ್ರಾವತಿ ಬಸ್ ಹಿಡಿಯೋಣ. ಬರ್ತೀಯಾ?"

"ಬರ್ತೀನಿ. ಭಯ ಆಗುತ್ತೆ ಅಪ್ಪಾಜಿ."

"ನಂಗೂ" ಅಂದರು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು.